ದಾನಪ್ಪ ನಾದಿದ ಹಿಟ್ಟು

ಹೋದ ತಿಂಗಳಿಂದ ನನ್ನ ತಟ್ಟೆಯಲ್ಲಿ ಉಪ್ಪಿಲ್ಲ. ಡಾಕ್ಟರು ಬಿ.ಪಿ. ಪಟ್ಟಿಯನ್ನು ತೋಳಿನಿಂದ ಬಿಚ್ಚುತ್ತ, ಇಷ್ಟು ವರ್ಷ ತಿಂದದ್ದು ಸಾಕು ಎನ್ನುವ ಮುಖ ಮಾಡಿದರು. ನನ್ನ ಹೆಂಡತಿಗೆ ಅಷ್ಟೇ ಬೇಕಾಗಿತ್ತು. ನನ್ನನ್ನು ಶಿಸ್ತಿಗೆ ತರಲು ಮದುವೆಯಾದಾಗಿನಿಂದ ಇಷ್ಟು ಒಳ್ಳೆಯ ಅವಕಾಶ ಆಕೆಗೆ ಸಿಕ್ಕಿರಲಿಲ್ಲ. ಮೊದಲ ದಿನ ಉಪ್ಪಿಲ್ಲದ ಚಪಾತಿ ಮುರಿದು ಬಾಯಿಗಿಟ್ಟುಕೊಂಡಾಗ ಗೊಣಗಲು ಸಿದ್ಧನಾಗಿದ್ದೆ. ಆದರೆ ಗೊಣಗಲಾಗಲಿಲ್ಲ. ಆ ಸಪ್ಪೆ ರುಚಿ ನನಗೆ ಹೊಸದಲ್ಲ. ಗಂಗಾವತಿಯಲ್ಲಿದ್ದಾಗ ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಶನಿವಾರ ಸಂಜೆ, ಅದನ್ನು ತಿಂದಿದ್ದೇನೆ. ಅದೂ ನನ್ನದಲ್ಲದ ದೇವರ ಹೆಸರಿನ ರೊಟ್ಟಿ.

ಆಗ ನಾನು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಕುಷ್ಟಗಿ ಕಡೆಯ ಒಣ ಹೊಲಗಳ ನಡುವೆ ಬೆಳೆದವನಿಗೆ ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಯ ಹೊಗೆ ಎಲ್ಲವೂ ಬೇರೆ ದೇಶದಂತೆ ಕಾಣುತ್ತಿದ್ದವು. ಬಾಡಿಗೆಗೆ ಸಿಕ್ಕ ಮನೆ ಕಾಲುವೆಯ ಹತ್ತಿರದ ಓಣಿಯಲ್ಲಿತ್ತು. ಎದುರಿಗೆ ತಗಡಿನ ಚಾವಣಿಯ, ಕ್ರೈಸ್ತರ ಪ್ರಾರ್ಥನಾ ಮಂದಿರ. ಅದಕ್ಕೆ ನಡೆದುಕೊಳ್ಳುವ ಮೂವತ್ತು ಮನೆಗಳ ಒಂದು ಸಭೆ. ಅದರ ಹಿರಿಯರು ಸಮುವೇಲಪ್ಪ, ದನದ ದವಾಖಾನೆಯ ಕಾಂಪೌಂಡರ್. ನನ್ನ ಗೋಡೆಗೆ ಗೋಡೆ ಹಚ್ಚಿ ಇದ್ದವರು ಅವರ ಅಕ್ಕ ಕರುಣಮ್ಮ ಮತ್ತು ಅಕ್ಕನ ಗಂಡ ದಾನಪ್ಪ. ದಾನಪ್ಪ ಗೌಂಡಿ. ಅವರು ಕಟ್ಟಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡುವ ಅಗತ್ಯವಿಲ್ಲ ಎಂದು ಊರಿನವರು ಹೇಳುತ್ತಿದ್ದರು.

ಈ ಮಾವ-ಅಳಿಯಂದಿರು (ಆ ಕಡೆ ಅಕ್ಕನ ಗಂಡ ಮಾವ, ಹೆಂಡತಿಯ ತಮ್ಮ ಅಳಿಯ) ಸಂಜೆಯಾದರೆ ಕಟ್ಟೆಯ ಮೇಲೆ ಕೂತು ವಾದ ಮಾಡುವರು. ಮಳೆ, ರಾಜಕೀಯ ಯಾವುದೂ ಅಲ್ಲ, ದೇವರ ವಿಷಯ. ಲೋಕ ಹುಟ್ಟುವ ಮೊದಲೇ ದೇವರ ಬಳಿ ಅವನ ವಾಕ್ಯವಿತ್ತು, ಅದೇ ಮನುಷ್ಯನಾಗಿ ಬಂದು ಮಗ ಎನಿಸಿಕೊಂಡಿತು ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ತಕರಾರು ಅದರ ಮುಂದಿನದು. ಆ ಮಗ ತಂದೆಯಷ್ಟೇ ಅನಾದಿ, ಇಬ್ಬರೂ ಒಂದೇ ಎಂದು ಸಮುವೇಲಪ್ಪ. ಎಲ್ಲಕ್ಕಿಂತ ಮೊದಲು ಆದವನು ನಿಜ, ಆದರೆ ತಂದೆಯಿಂದ ಆದವನು, ಆದ್ದರಿಂದ ತಂದೆ ಬೇರೆ ಮಗ ಬೇರೆ ಎಂದು ದಾನಪ್ಪ.

ನನಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಆ ಊರಿನಲ್ಲಿರಲಿಲ್ಲ. ಹಳೆಯ ಪುಸ್ತಕಗಳ ರಾಶಿಯಲ್ಲಿ ಕ್ರೈಸ್ತ ಸಭೆಗಳ ಚರಿತ್ರೆಯೊಂದನ್ನು ಕೊಂಡು ತಂದು ಓದಿದೆ. ಸಾವಿರದೇಳುನೂರು ವರ್ಷಗಳ ಹಿಂದೆ ಬಿಷಪ್ಪರೆಲ್ಲ ಇದೇ ಪ್ರಶ್ನೆಗೆ ಕಚ್ಚಾಡಿದ್ದರು, ಚಕ್ರವರ್ತಿಯೇ ಅವರನ್ನು ಕರೆಸಿ ಕೂರಿಸಬೇಕಾಯಿತು, ಸೋತವರು ಗಡಿಪಾರಾದರು ಎಂದು ತಿಳಿದಾಗ, ನಮ್ಮ ಓಣಿಯ ಕಟ್ಟೆಯ ಬಗ್ಗೆ ನನಗೆ ಭಾರಿ ಅಭಿಮಾನ ಬಂತು. ಬರೀ ಅಭಿಮಾನವಾಗಿದ್ದರೆ ಚಿಂತೆಯಿರಲಿಲ್ಲ. ಬೆಳಿಗ್ಗೆ ಸಮುವೇಲಪ್ಪನವರಿಗೆ, ಬೆಳಕಿಲ್ಲದ ಸೂರ್ಯ ಎಂದಾದರೂ ಇದ್ದನೇ ಎಂದು ಕೇಳಿರಿ ಅಂತ ಹೇಳಿಕೊಡುವೆ. ಮಧ್ಯಾಹ್ನ ದಾನಪ್ಪನವರಿಗೆ ಅದರ ಉತ್ತರ ಹೇಳಿಕೊಡುವೆ. ಸಂಜೆ ಇಬ್ಬರ ನಡುವೆ ಕೂತು, ಏನೂ ಅರಿಯದವನಂತೆ ಚಹಾ ಕುಡಿಯುವೆ. ಮೂವತ್ತು ವರ್ಷ ಮಕ್ಕಳಿಗೆ ನಡತೆಯ ಸರ್ಟಿಫಿಕೇಟು ಬರೆದುಕೊಟ್ಟ ಕೈ ಇದು, ನೋಡಿ.

ದಾನಪ್ಪನವರಿಗೆ ನಾನು ಹೇಳಿಕೊಟ್ಟದ್ದರಲ್ಲಿ ಒಂದು ಮಾತು ನನಗೇ ಬಹಳ ಹಿಡಿಸಿತ್ತು. ಗೌಂಡಿಯ ಬಾಯಿಗೆ ಒಪ್ಪಲಿ ಎಂದು ರಾತ್ರಿ ಕೂತು ಹೊಸೆದದ್ದು: ಗೋಡೆ ಎಷ್ಟೇ ಚೆಂದವಿರಲಿ, ಕಟ್ಟಿದವನಿಗಿಂತ ಒಂದು ದಿನವಾದರೂ ಸಣ್ಣದು. ದಾನಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡು ತಲೆದೂಗಿದರು.

ತಿಂಗಳಿಗೊಮ್ಮೆ ಪರವೂರಿನಿಂದ ಪಾಸ್ಟರ್ ಬರುತ್ತಿದ್ದರು. ಒಂದು ಭಾನುವಾರ ಅವರು ಮಗನ ಅನಾದಿತನದ ಬಗ್ಗೆ ಬೋಧನೆ ಮಾಡಿ, ಯಾರಿಗಾದರೂ ಸಂಶಯವಿದ್ದರೆ ಕೇಳಿ ಎಂದರಂತೆ. ಹಾಗೆ ಹೇಳುವುದು ವಾಡಿಕೆ, ಯಾರೂ ಕೇಳುವುದಿಲ್ಲ. ದಾನಪ್ಪ ಎದ್ದು ನಿಂತು ನನ್ನ ಗೋಡೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ಪಾಸ್ಟರು ಗದರಲಿಲ್ಲ. ಮಗನನ್ನು ಗೋಡೆಗೆ ಹೋಲಿಸಿದವನು, ಅದು ತಪ್ಪೆಂದು ಸಭೆಯ ಮುಂದೆ ಒಪ್ಪುವ ತನಕ ಭಾನುವಾರ ಪ್ರಭುವಿನ ನೆನಪಿಗೆ ಹಂಚುವ ರೊಟ್ಟಿ ದ್ರಾಕ್ಷಾರಸ ಮುಟ್ಟುವಂತಿಲ್ಲ ಎಂದು ತಣ್ಣಗೆ ಹೇಳಿದರು. ಅದನ್ನು ನಡೆಸುವ ಕೆಲಸ ಹಿರಿಯರದು. ಅಂದಿನಿಂದ ಸಮುವೇಲಪ್ಪ ರೊಟ್ಟಿಯ ತಟ್ಟೆ ಹಿಡಿದು ಸಾಲಿನಲ್ಲಿ ಬರುವರು. ಕೊನೆಯ ಚಾಪೆಗೆ ಸರಿದು ಕೂತ ಅಕ್ಕನ ಗಂಡನನ್ನು ದಾಟಿ ಮುಂದೆ ಹೋಗುವರು.

ನನಗೆ ಗಾಬರಿಯಾಯಿತು. ಆ ಮಾತು ನನ್ನದು ಎಂದು ಪಾಸ್ಟರಿಗೆ ಹೋಗಿ ಹೇಳುವ ಧೈರ್ಯ ಬರಲಿಲ್ಲ. ಅದರ ಬದಲು ರಾಜಿ ಮಾಡಿಸಲು ಹೊರಟೆ. ಮೊದಲು ಸಮುವೇಲಪ್ಪನವರ ಬಳಿ ಹೋಗಿ, ಇಷ್ಟು ಸಣ್ಣ ವಿಷಯವನ್ನು ಪಾಸ್ಟರಿಗೆ ತಿಳಿಹೇಳಬಾರದೇ ಎಂದೆ. ಅವರು ಮಂದಿರದ ಬಾಗಿಲ ಕಡೆ ಕೈ ತೋರಿಸಿದರು.

“ನಮ್ಮ ಓಣಿಗೆ ದೊಡ್ಡ ಮನುಷ್ಯಾರು ಯಾರೂ ತಾವ ಬರ್ಲಿಲ್ರಿ ಮಾಸ್ತರ, ಬರೇ ಆಳು ಕಳಸ್ಯಾರ. ದೇವರೂ ಆಳ ಕಳಿಸ್ಯಾನ ಅಂದ್ರ ನಾ ಹೆಂಗ ಒಪ್ಪಲಿ? ತಾನ ಬಂದಾನ ಅಂದಿದ್ದಕ್ಕ ನಮ್ಮಪ್ಪ ಈ ಬಾಗಲಾ ದಾಟಿ ಒಳಗ ಬಂದಿದ್ದು.”

ಅಲ್ಲಿಂದ ದಾನಪ್ಪನವರ ಕಡೆ ಹೋದೆ. ಒಂದು ಸಲ ಹೂಂ ಅಂದುಬಿಡಿ, ಮನಸ್ಸಿನಲ್ಲಿ ಏನಾದರೂ ಇಟ್ಟುಕೊಳ್ಳಿ ಎಂದೆ. ಮಾಸ್ತರನಾದವನು ಕೊಡಬಹುದಾದ ಸಲಹೆ! ಅವರು ಕರಣೆಗೆ ಅಂಟಿದ ಗಾರೆ ಕೆರೆಯುತ್ತ ಕೂತಿದ್ದರು. ಅವರಿಗೆ ಒಬ್ಬ ಮಗನಿದ್ದ, ಹನ್ನೆರಡನೇ ವರ್ಷಕ್ಕೆ ಕಾಲುವೆಯ ನೀರಿನಲ್ಲಿ ಹೋದ ಎಂಬುದು ನನಗೆ ಗೊತ್ತಾದದ್ದು ಆಗಲೇ. ಗೋಡೆಗೆ ಗೋಡೆ ಹಚ್ಚಿ ಒಂದು ವರ್ಷ ಇದ್ದೆ, ಕೇಳಿರಲಿಲ್ಲ.

“ಅಪ್ಪ ಮಗ ಇಬ್ರೂ ಒಬ್ಬನ ಅಂದ್ರ, ಮಗ ಸತ್ತಾಗ ಅಳಾಕ ಅಪ್ಪ ಎಲ್ಲಿ ಉಳದ್ರಿ?” ಎಂದರು ದಾನಪ್ಪ. “ನನಗ ಮ್ಯಾಲ ಮಗನ್ನ ಕಳಕೊಂಡ ಅಪ್ಪ ಒಬ್ಬ ಬೇಕ್ರಿ. ಇಲ್ಲಾಂದ್ರ ನಾ ಯಾರ ಮುಂದ ಕುಂದ್ರಲಿ?”

ನನಗೆ ನಾಚಿಕೆಯಾಯಿತು. ನಾನು ಪುಸ್ತಕ ನೋಡಿ ಇಬ್ಬರಿಗೂ ಹಂಚುತ್ತಿದ್ದ ಮಾತುಗಳನ್ನು ಅವರು ಎಂಥ ಜಾಗಕ್ಕೆ ಆಧಾರವಾಗಿ ನಿಲ್ಲಿಸಿಕೊಂಡಿದ್ದರು ಎಂಬ ಅಂದಾಜೂ ನನಗಿರಲಿಲ್ಲ. ಆಮೇಲೆ ನಾನು ಆ ಕಟ್ಟೆಯ ಮೇಲೆ ಬಾಯಿ ಬಿಡಲಿಲ್ಲ. ಆದರೆ ತಪ್ಪನ್ನೂ ಒಪ್ಪಿಕೊಳ್ಳಲಿಲ್ಲ.

ಈಗ ರೊಟ್ಟಿಯ ವಿಷಯ ಹೇಳಬೇಕು. ಭಾನುವಾರದ ರೊಟ್ಟಿ ಬೇಯುವುದು ಒಂದೇ ಮನೆಯಲ್ಲಿ, ಕರುಣಮ್ಮನ ಮನೆಯಲ್ಲಿ. ಗೋಧಿ ಹಿಟ್ಟು, ನೀರು, ಇಷ್ಟೇ, ಉಪ್ಪಿಲ್ಲ, ಹುಳಿಯಿಲ್ಲ. ಶನಿವಾರ ಸಂಜೆ ಎರಡು ರೊಟ್ಟಿ ಬೇಯಿಸಿ, ಚೆನ್ನಾಗಿ ಬಂದದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಡುವರು. ಉಳಿದದ್ದರ ಒಂದು ಚೂರು ಗೋಡೆಯ ಮೇಲಿಂದ ನನಗೆ ಬರುವುದು. ಆಕೆಯ ಬಲಗೈ ಹಿಂದೊಮ್ಮೆ ಮುರಿದು ಸೊಟ್ಟ ಕೂಡಿಕೊಂಡಿತ್ತು. ಲಟ್ಟಿಸಲು ಬರುತ್ತಿತ್ತು, ನಾದಲು ಬಲ ಸಾಲದು. ನಾದುತ್ತಿದ್ದವರು ದಾನಪ್ಪ. ಗಾರೆ ಕಲಸುವ ಕೈಗಳನ್ನು ಮೊಣಕೈವರೆಗೆ ತೊಳೆದುಕೊಂಡು ನಾದುವರು. ತಟ್ಟೆ ತಮ್ಮನ್ನು ದಾಟಿ ಹೋಗತೊಡಗಿದ ಮೇಲೂ ಅವರು ಒಂದು ಶನಿವಾರ ತಪ್ಪಿಸಲಿಲ್ಲ. ಉಳಿದ ಚೂರನ್ನು ಮಾತ್ರ ಬಾಯಿಗೆ ಹಾಕುತ್ತಿರಲಿಲ್ಲ. ಅವರಿಗೆ ಬೇಡವಾದದ್ದನ್ನು ನಾನು ಅಂಗಳದಲ್ಲಿ ನಿಂತು ತಿನ್ನುತ್ತಿದ್ದೆ.

ಇದನ್ನು ಕಂಡುಹಿಡಿದ ಜಾಣತನ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ದಿನ ದವಾಖಾನೆಗೇ ಹೋಗಿ, ನೀವು ಯಾರಿಗೆ ರೊಟ್ಟಿ ಕೊಡುತ್ತಿಲ್ಲವೋ ಅವರೇ ನಾದಿದ ರೊಟ್ಟಿಯನ್ನು ಇಡೀ ಸಭೆ ತಿನ್ನುತ್ತಿದೆ ಎಂದು ಸಮುವೇಲಪ್ಪನವರಿಗೆ ಹೇಳಿದೆ. ಅವರು ಔಷಧದ ಶೀಷೆ ಕೆಳಗಿಟ್ಟು ಬಾಗಿಲ ಕಡೆ ನೋಡಿದರು.

“ಅಕ್ಕನ ಕೈ ಮುರದಾಗ ಪಟ್ಟಿ ಕಟ್ಟಿದಾವ ನಾನ್ರಿ. ದನಕ್ಕ ಕಟ್ಟಿದಂಗ ಕಟ್ಟಿಬಿಟ್ಟೆ, ಅದಕ್ಕ ಸೊಟ್ಟ ಆತು. ಆ ಕೈಲೆ ನಾದಾಕ ಆಗಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ರೊಟ್ಟಿ ಬ್ಯಾರೆ ಮನಿಗೆ ಕೊಡು ಅಂತ ಮಂದಿ ಎಷ್ಟ ಸಲ ಅಂದ್ರೂ ನಾ ಕೊಟ್ಟಿಲ್ಲ. ನೀವು ಯಾರ ಮುಂದೂ ಅನಬ್ಯಾಡ್ರಿ.”

ನಾನು ಅನ್ನಲಿಲ್ಲ. ಇಂದೇ ಮೊದಲು, ನಿಮ್ಮ ಮುಂದೆ.

ಏಳೆಂಟು ತಿಂಗಳು ಕಳೆದ ಮೇಲೆ ಆ ಪಾಸ್ಟರು ಬೇರೆ ಕಡೆ ಹೋದರು. ಹೊಸಬರು ಹಳೆಯದನ್ನು ಕೆದಕಲಿಲ್ಲ. ಮೊದಲ ಭಾನುವಾರವೇ ಸಮುವೇಲಪ್ಪ ಕೊನೆಯ ಚಾಪೆಯ ಮುಂದೆ ನಿಂತು ತಟ್ಟೆ ಬಾಗಿಸಿದರಂತೆ. ದಾನಪ್ಪ, ನಾ ಇನ್ನೂ ಒಪ್ಪಿಲ್ಲ, ಮುಂದ ಹೋಗಪಾ ಎಂದರಂತೆ. ಅಂದಿನಿಂದ ಪ್ರತಿ ಭಾನುವಾರ ಒಬ್ಬರು ನಿಲ್ಲುವುದು, ಇನ್ನೊಬ್ಬರು ತಲೆಯಾಡಿಸುವುದು. ನನಗೆ ಕೊಪ್ಪಳಕ್ಕೆ ವರ್ಗವಾದಾಗಲೂ ಅದು ನಡೆದೇ ಇತ್ತು.

ಉಪ್ಪಿಲ್ಲದ ಚಪಾತಿ ದಿನವೂ ಆ ಓಣಿಯನ್ನು ನೆನಪಿಸುತ್ತಿತ್ತೋ ಏನೋ, ಹೋದ ಶನಿವಾರ ಗಂಗಾವತಿಯ ಬಸ್ಸು ಹತ್ತಿದೆ. ತಗಡು ಹೋಗಿ ಮಂದಿರಕ್ಕೆ ಸ್ಲ್ಯಾಬು ಬಂದಿದೆ. ಸಮುವೇಲಪ್ಪ ತೀರಿಕೊಂಡು ಎರಡು ವರ್ಷವಾಯಿತಂತೆ. ದಾನಪ್ಪ ಪರಾತದ ಮುಂದೆ ಚಾಪೆಯ ಮೇಲೆ ಕೂತು ಹಿಟ್ಟು ನಾದುತ್ತಿದ್ದರು, ಮೊದಲಿಗಿಂತ ನಿಧಾನವಾಗಿ. ಅಳಿಯ ಅಲ್ಲಿ ಹೋಗಿ ಖರೇದು ನೋಡಿರ್ತಾನ, ಬಂದು ಹೇಳಾಕ ಮಾತ್ರ ಆಗಂಗಿಲ್ಲ ಎಂದು ನಕ್ಕರು. ನಕ್ಕಮೇಲೆ ಕಣ್ಣು ಒರೆಸಿಕೊಂಡರು, ಮುಖಕ್ಕೆ ಹಿಟ್ಟು ಹತ್ತಿತು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಬೆಳಿಗ್ಗೆ ಸಮುವೇಲಪ್ಪನವರಿಗೆ, ಮಧ್ಯಾಹ್ನ ಅವರಿಗೆ ಹೇಳಿಕೊಟ್ಟದ್ದು. ನಿಮ್ಮನ್ನು ಆ ಕೊನೆಯ ಚಾಪೆಗೆ ಕೂರಿಸಿದ್ದು ನಾನು ತಮಾಷೆಗೆ ಹೊಸೆದ ಮಾತು ಎಂದೂ ಹೇಳಿದೆ. ದಾನಪ್ಪ ನಾದುವುದನ್ನು ನಿಲ್ಲಿಸಲಿಲ್ಲ.

“ಮಾತು ನಿಮ್ದ ಇರಬೇಕ್ರಿ ಮಾಸ್ತರ. ಮಗ ನನ್ನಾವ ಇದ್ದ.”

ರೊಟ್ಟಿ ಬೆಂದ ಮೇಲೆ ಕರುಣಮ್ಮ ಹಿಂದಿನಂತೆಯೇ ಅದರ ಬಿಸಿ ಒಂದು ಚೂರು ತಂದು ನನ್ನ ಕೈಗಿಟ್ಟರು. ಎಷ್ಟೋ ಶನಿವಾರ ಯೋಚಿಸದೆ ತಿಂದದ್ದನ್ನು, ದಾನಪ್ಪ ನನ್ನ ಮಾತಿನಿಂದಾಗಿ ತಿನ್ನದೆ ಬಿಟ್ಟದ್ದನ್ನು, ಅಂದು ಬಾಯಿಗೆ ಒಯ್ಯಲಾಗಲಿಲ್ಲ. ಮರಳಿ ತಟ್ಟೆಯಲ್ಲಿಟ್ಟೆ. ದಾನಪ್ಪ ಒಮ್ಮೆ ತಟ್ಟೆಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಸ್ವಲ್ಪ ಆಚೆ ಸರಿದು, ತಮ್ಮ ಚಾಪೆಯ ಮೇಲೆ ನನಗೆ ಜಾಗ ಮಾಡಿದರು.