ಅಲುಗದ ಮುಖ

ಕೊಪ್ಪದ ನಮ್ಮ ಕಾಲೇಜಿನ ಲೈಬ್ರರಿ ಮೇಡಂ ಚೌಕಾಸಿಗೆ ಕೂತರೆ ಒಂದೇ ಮಾತು: "ಅದೆಲ್ಲ ಆಗೋದಲ್ಲ ಮಾರಾಯ್ರೆ." ಆಮೇಲೆ ಕೆನ್ನೆಗೆ ಕೈಕೊಟ್ಟು ಸುಮ್ಮನಾಗಿಬಿಡುತ್ತಿದ್ದರು. ಆ ಮೌನಕ್ಕೆ ಮೀನು ಮಾರುವವನೂ ಸೋಲುತ್ತಿದ್ದ.

ಆವತ್ತು ವಿಡಿಯೋ ಕಾಲ್‌ನಲ್ಲಿದ್ದವನು ಆನ್‌ಲೈನ್ ಜರ್ನಲ್‌ಗಳ ಪ್ರಕಾಶಕರ ಏಜೆಂಟ್. ಚಂದಾ ನಿಲ್ಲಿಸಿದರೆ ಹಳೆಯ ಸಂಚಿಕೆಗಳಿಗೂ ಬೀಗ ಎಂದ. ನಮ್ಮ ಸಂಶೋಧನಾ ವಿದ್ಯಾರ್ಥಿಗಳೆಲ್ಲ ಅವನ್ನೇ ನೆಚ್ಚಿಕೊಂಡಿದ್ದರು.

"ಅದೆಲ್ಲ ಆಗೋದಲ್ಲ ಮಾರಾಯ್ರೆ. ನಾವು ಚಂದಾ ಕಟ್ಟಿದ ವರ್ಷದ್ದು ನಮ್ಗೇ ಉಳೀಬೇಕು" ಎಂದವರೇ ಮೇಡಂ ಕಲ್ಲಾದರು. ರೆಪ್ಪೆ ಕೂಡ ಅಲುಗಲಿಲ್ಲ. ನಾನು ಪಕ್ಕದಲ್ಲೇ, ಕ್ಯಾಮೆರಾಕ್ಕೆ ಕಾಣದಂತೆ ಕೂತಿದ್ದೆ.

ನೆಟ್‌ವರ್ಕ್ ಹೋಗಿ ಚಿತ್ರ ನಿಂತಿದೆ, ತನ್ನ ಮಾತೂ ನಮಗೆ ಕೇಳಿಸದು ಎಂದುಕೊಂಡ ಏಜೆಂಟ್, ಬದಿಯಲ್ಲಿ ಕೂತಿದ್ದ ತನ್ನ ಮೇಲಧಿಕಾರಿಯತ್ತ ತಿರುಗಿದ: "ಹಳೇದು ಬಿಟ್ಟುಕೊಡೋಣ ಸಾರ್. ಹಟ ಹಿಡಿದವರಿಗೆಲ್ಲ ಕೊಟ್ಟಿದೀವಲ್ಲ."

ಮೇಡಂ ಕಣ್ಣು ಮಿಟುಕಿಸಿದರು. "ಹಾಗಾದ್ರೆ ಕರಾರಲ್ಲೂ ಅದನ್ನೇ ಬರೀರಿ ಮಾರಾಯ್ರೆ."