ಸೋಮವಾರ ಕೊಡಬೇಕಿದ್ದ ಪತ್ರ

ಹೋದ ತಿಂಗಳು ಶಿಡ್ಲಘಟ್ಟದಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ಇಲ್ಲಿನ ಜನ ಹೇಗಾದರೂ ಇರುತ್ತಾರಪ್ಪ ಎಂದು ಗೊಣಗಿದರು. ನಾನೂ ಇಲ್ಲಿಯವಳೇ ಎಂದು ಹೇಳಲು ಹೋಗಲಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿದಾಗ ಏಳುವ ಆ ಗಬ್ಬು ನನಗೆ ಒಬ್ಬಳ ಬೆರಳುಗಳನ್ನು ನೆನಪಿಗೆ ತರುತ್ತದೆ... ಎರಡನೇ ಪಿಯುಸಿಯಲ್ಲಿ ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳತಿಯ ಬೆರಳುಗಳನ್ನು.

ತೊಂಬತ್ತರ ದಶಕದ ಶುರುವಿನ ವರ್ಷಗಳು. ನಾನು ಜಂಗಮಕೋಟೆ ಕಡೆಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದೆ. ನಮ್ಮದು ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಮನೆ. ಅವಳದು ಪೇಟೆಯೊಳಗೆ ಗೂಡಿನಿಂದ ನೂಲು ತೆಗೆಯುವ ಮನೆ. ಬೆಳಿಗ್ಗೆ ಬಿಸಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕಿಯೇ ಅವಳು ಕಾಲೇಜಿಗೆ ಬರಬೇಕಿತ್ತು. ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. "ನೀವು ಮಕ್ಕಳ ತರ ಸಾಕ್ತೀರಾ, ಬೇಯಿಸೋ ಪಾಪ ಮಾತ್ರ ನಮ್ಮ ತಲೆಗೆ. ಚೆನ್ನಾಗಿದೆ ಕಣೇ ನಿಮ್ಮ ನ್ಯಾಯ!" ಎಂದು ನಗುತ್ತಿದ್ದಳು.

ನಾನೋ, ಹಾಜರಿ ಕೂಗಿದಾಗಲೂ ದನಿ ಏಳದ ಪ್ರಾಣಿ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಅವಳು ಬೆಂಚಿನ ಕೆಳಗಿನಿಂದ ತೊಡೆ ಚಿವುಟಿ ಎಬ್ಬಿಸುತ್ತಿದ್ದಳು. ಎದ್ದ ಮೇಲೆ ಏನಾದರೂ ಹೇಳಲೇಬೇಕಲ್ಲ, ಹೇಳುತ್ತಿದ್ದೆ. ಹಾಗೆ ಚಿವುಟಿಸಿಕೊಂಡೇ ಆ ಟರ್ಮು ಮುಗಿಯುವಷ್ಟರಲ್ಲಿ ನನಗೆ ಮಾತು ಬಂತು. ಅರ್ಥಶಾಸ್ತ್ರದ ಮೇಷ್ಟ್ರು, "ಪರವಾಗಿಲ್ವೇ, ಹುಡುಗಿ ಬೆಳೀತಾ ಇದಾಳೆ" ಎಂದರು. ಚಿವುಟಿದವಳ ಕಡೆ ಅವರು ನೋಡಲಿಲ್ಲ.

ಅಷ್ಟರಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ನೂಲು ತೆಗೆಯಲು ತಾಯಿ ಕೂರುತ್ತಿದ್ದ ಜಾಗದಲ್ಲಿ ಇವಳು ಕೂತಳು. ಕಾಲೇಜಿಗೆ ಮೂರನೇ ಪೀರಿಯಡ್ಡಿಗೆ ಬರುವುದು, ಒಮ್ಮೊಮ್ಮೆ ಬಾರದೇ ಇರುವುದು ಶುರುವಾಯಿತು. ಪರೀಕ್ಷೆ ಹತ್ತಿರವಾದಾಗ ಹಾಜರಿ ಕಡಿಮೆ ಇದ್ದವರ ಪಟ್ಟಿ ಹಾಕಿದರು. ಅವಳ ಹೆಸರಿತ್ತು. ಕಾರಣ ಬರೆದು ತಂದೆಯ ಸಹಿ ಇರುವ ಪತ್ರವನ್ನು ಸೋಮವಾರ ಸಂಜೆಯೊಳಗೆ ಆಫೀಸಿಗೆ ಕೊಡಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ.

ಅವಳ ತಂದೆಗೆ ಮಗಳ ಓದು ಎಸ್ಸೆಸ್ಸೆಲ್ಸಿಗೇ ಸಾಕಾಗಿತ್ತು. ಆ ಸಹಿಗಾಗಿ ಅವಳು ಎಷ್ಟು ದಿನ ಅತ್ತಳೋ, ಎಷ್ಟು ದಿನ ಊಟ ಬಿಟ್ಟಳೋ... ಶನಿವಾರ ಮಧ್ಯಾಹ್ನ, ಕಾಲೇಜು ಬಾಗಿಲು ಹಾಕಿದ ಮೇಲೆ, ಅವರು ಉರ್ದುವಿನಲ್ಲಿ ಸಹಿ ಹಾಕಿದರು. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಅವರ ಮನೆಯಲ್ಲೇ ಇದ್ದೆ. "ಇದೊಂದ್ಸಲ ಅಷ್ಟೇ. ಈ ಸಲ ತಪ್ಪಿದ್ರೆ ಮನೇಲಿರ್ಬೇಕು" ಎಂದರು ಅವರು. ಸೋಮವಾರ ತಾಯಿಯನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದಿತ್ತು. ಅವಳು ಪತ್ರವನ್ನು ನನ್ನ ನೋಟ್ ಪುಸ್ತಕದ ಒಳಗಿಟ್ಟು, "ನೀನು ಹೇಗಿದ್ರೂ ಮೊದಲನೇ ಬಸ್ಸಿಗೇ ಬರ್ತೀಯಲ್ಲ, ಕೊಟ್ಬಿಡು ಕಣೇ" ಎಂದಳು.

ನಮ್ಮ ಮನೆಯಲ್ಲಿ ಆಗ ಹುಳು ಕೊನೆಯ ಹಂತದಲ್ಲಿದ್ದವು. ಹಣ್ಣಾಗುವುದು ಬುಧವಾರ ಎಂದು ಅಮ್ಮ ಲೆಕ್ಕ ಹಾಕಿದ್ದಳು. ಬಿಸಿಲು ಏರಿತ್ತಲ್ಲ, ಸೋಮವಾರ ಬೆಳಕು ಹರಿಯುವಾಗಲೇ ಹುಳು ಹಣ್ಣಾಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕತೊಡಗಿದವು. ಹುಳು ಸಾಕುವ ಮನೆಗಳಲ್ಲಿ ಆ ದಿನ ಯಾರೂ ಹೊಸಲು ದಾಟುವಂತಿಲ್ಲ. ಶಾಲೆ, ಕಾಲೇಜು, ಮದುವೆ, ಎಲ್ಲ ಆಮೇಲೆ. ಒಂದೊಂದನ್ನೂ ಆಯ್ದು, ಗೂಡು ಕಟ್ಟಲೆಂದೇ ಸುರುಳಿಯಾಗಿ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ತಟ್ಟೆಯ ಪಾಲು. ಅಮ್ಮ ನನ್ನ ಕೈಗೆ ಮೊರ ಕೊಟ್ಟಳು.

ಮಂಗಳವಾರ ಕಾಲೇಜಿಗೆ ಓಡಿದೆ. ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು. ಗುಮಾಸ್ತರು ಕೆಟ್ಟವರಲ್ಲ. ಪತ್ರವನ್ನು ಪೂರ್ತಿ ಓದಿ, "ನಿನ್ನೆ ತಂದಿದ್ರೆ ಏನಾದ್ರೂ ಮಾಡ್ಬಹುದಿತ್ತಮ್ಮ" ಎಂದು ವಾಪಸ್ ಕೊಟ್ಟರು. ಪ್ರಿನ್ಸಿಪಾಲರ ಕೋಣೆಯ ಮುಂದೆ ಮಧ್ಯಾಹ್ನದವರೆಗೂ ನಿಂತೆ. ಒಳಗೆ ಹೋಗಿ ಅತ್ತದ್ದೂ ಆಯಿತು. ಏನೂ ಆಗಲಿಲ್ಲ.

ಅವಳ ಮನೆಗೆ ಹೋಗಿ ಹೇಳಿದೆ. ಅವಳ ತಂದೆ ಪತ್ರ ತೆಗೆದುಕೊಂಡು, ತಮ್ಮ ಸಹಿಯನ್ನೇ ಸ್ವಲ್ಪ ಹೊತ್ತು ನೋಡಿ, ಮಡಚಿ ಜೇಬಿಗಿಟ್ಟುಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಅವಳು ನನಗೆ ಟೀ ತಂದುಕೊಟ್ಟಳು. "ಹುಳ ಹಣ್ಣಾದ್ರೆ ಯಾರು ತಾನೇ ಮನೆ ಬಿಟ್ಟು ಬರ್ತಾರೆ? ನಂಗೊತ್ತಿಲ್ವಾ? ಅಳ್ಬೇಡ ಬಿಡೇ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ಬಸ್ ಸ್ಟಾಂಡಿನವರೆಗೂ ಬಂದು ಬಿಟ್ಟು ಹೋದಳು.

ಪರೀಕ್ಷೆ ಮುಗಿಯುವ ಮೊದಲೇ ಅವಳ ಮದುವೆ ಚಿಂತಾಮಣಿ ಕಡೆ ಗೊತ್ತಾಯಿತು. ನನಗೆ ಫಸ್ಟ್ ಕ್ಲಾಸ್ ಬಂತು. ಡಿಗ್ರಿ, ಆಮೇಲೆ ಕೆಲಸ. ಆ ವರ್ಷದ ಬಗ್ಗೆ ಯಾರಾದರೂ ಕೇಳಿದರೆ ಗೆಳತಿಯ ಕಥೆ ಹೇಳುತ್ತೇನೆ, ಹುಳುಗಳ ಕಥೆ ಹೇಳುತ್ತೇನೆ. ಕೇಳಿದವರೆಲ್ಲ, ಪಾಪ, ನೀನಾದರೂ ಏನು ಮಾಡಲು ಸಾಧ್ಯವಿತ್ತು ಎನ್ನುತ್ತಾರೆ.

ಸಾಧ್ಯವಿತ್ತು. ಆ ಸೋಮವಾರ ಚಂದ್ರಿಕೆಗಳು ಸಾಲದೆ, ಬಾಡಿಗೆಗೆ ತರಲು ಅಪ್ಪ ಶಿಡ್ಲಘಟ್ಟಕ್ಕೇ ಹೊರಟಿದ್ದರು. ಗಾಡಿ ಹತ್ತುವ ಮುಂಚೆ ನನ್ನ ಮುಖ ನೋಡಿ, "ಯಾಕಮ್ಮ ಒಂಥರಾ ಇದೀಯ? ಕಾಲೇಜಿನ ಮುಂದೇನೇ ಹೋಗ್ತೀನಿ, ಏನಾದ್ರೂ ಕೊಡೋದು ಗಿಡೋದು ಇದೆಯಾ?" ಎಂದು ಕೇಳಿದರು. ಪತ್ರ ಕೊಟ್ಟರೆ, ಇದು ಯಾರದು ಎಂದು ಕೇಳುತ್ತಾರೆ. ದಿನವೂ ಲೈಬ್ರರಿಯಲ್ಲಿ ಓದಿ ಬರುತ್ತೇನೆಂದು ಹೇಳಿ ಆ ಮುಸ್ಲಿಮರ ಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದದ್ದು ಗೊತ್ತಾಗುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಅಪ್ಪ ಅವರಂಥವರ ಜೊತೆಯೇ ಟೀ ಕುಡಿಯುತ್ತಿದ್ದರು. ಬೈಯುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ, "ಏನಿಲ್ಲಪ್ಪ" ಎಂದೆ.

ಅಪ್ಪ ಈಗಿಲ್ಲ. ಹೋದ ತಿಂಗಳು ಬಸ್ಸು ರಿಪೇರಿಯಾಗುವಷ್ಟರಲ್ಲಿ ಇಳಿದು ಅವಳ ಮನೆಯಿದ್ದ ಗಲ್ಲಿಗೆ ಹೋದೆ. ಮನೆಯ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ. ಎದುರಿನ ಅಂಗಡಿಯ ಹಿರಿಯರು, ಆ ಮನೆಯವರು ಊರು ಬಿಟ್ಟು ಬಹಳ ಕಾಲವಾಯಿತು, ಮಗಳ ವಿಷಯ ತಿಳಿಯದು ಎಂದರು. "ನೀವು ಅವರಿಗೆ ಏನಾಗ್ಬೇಕಮ್ಮ?" ಎಂದೂ ಕೇಳಿದರು. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆಯತೊಡಗಿದ. ಓಡಿ ಬಂದು ಬಸ್ಸು ಹತ್ತಿದೆ. ಅವಳು ಎಲ್ಲೇ ಇರಲಿ, ತಪ್ಪು ಹುಳುಗಳದು ಎಂದೇ ಇವತ್ತಿಗೂ ನಂಬಿಕೊಂಡಿರುತ್ತಾಳೆ.