ಕಾರಣ ಕೇಳದೆ ಸೊಂಟ ಸಡಿಲಿಸುವುದಿಲ್ಲ

ಹೊಲಿಗೆ ಅಂಗಡಿಗೆ ಹೋದವರು ಬಟ್ಟೆ ಕೊಡಬೇಕು, ಅಳತೆ ಕೊಡಬೇಕು, ಹೊರಡಬೇಕು. ಇದು ಲೋಕರೂಢಿ. ಕತ್ತರಿ ಅಕ್ಕನ ಅಂಗಡಿಯಲ್ಲಿ ಮಾತ್ರ ಇನ್ನೂ ಒಂದು ಕೊಡಬೇಕಾಗಿತ್ತು, ಉತ್ತರ. ಸೊಂಟ ಸಡಿಲ ಮಾಡಿಕೊಡಿ ಎಂದು ಯಾವ ಹೆಂಗಸು ಬಂದರೂ "ಯಾಕೆ?" ಎಂದು ಕೇಳದೆ ಅವಳು ಹೊಲಿಗೆ ಬಿಚ್ಚುತ್ತಿರಲಿಲ್ಲ. ಬಸುರಿಯಾದರೆ ಸಂತೋಷ. ಕೂತು ತಿಂದು ಮೈ ಬಂದಿದ್ದರೂ ಸರಿಯೇ, ಅದಕ್ಕೆ ತೋಳು ತೊಡೆಗಳೇ ಸಾಕ್ಷಿ ಹೇಳುತ್ತವೆ. "ಗೊತ್ತಿಲ್ಲಮ್ಮ, ಗ್ಯಾಸ್ ಇರಬೇಕು" ಎಂದರೋ, ಕಥೆ ಮುಗಿಯಿತು. ಬಟ್ಟೆ ಮಡಿಸಿ ವಾಪಸ್ ಕೈಗಿಟ್ಟು, ಡಾಕ್ಟರಿಗೆ ತೋರಿಸಿ ಬನ್ನಿ ಎನ್ನುತ್ತಿದ್ದಳು. ಇಷ್ಟಾದರೂ ಗಿರಾಕಿಗಳು ಬರುತ್ತಿದ್ದರೆಂದರೆ ಅವಳ ಕೈಚಳಕ ಎಂಥದಿರಬೇಕು, ನೀವೇ ಊಹಿಸಿ.

ಆ ದಿನ ಬಂದವರು ಪಕ್ಕದ ಬೀದಿಯ ಶಾಲೆಯ ಮುಖ್ಯೋಪಾಧ್ಯಾಯಿನಿ. ಎಲ್ಲರ ಬಾಯಲ್ಲಿ ಹೆಡ್‌ಮೇಡಂ. ಅವರು ಕೆಳಗೆ ಕೆಮ್ಮಿದರೆ ಮೂರನೇ ಮಹಡಿಯ ತರಗತಿಯೂ ಗಪ್‌ಚಿಪ್ ಆಗುತ್ತಿತ್ತಂತೆ. ಕಡುನೀಲಿ ಸ್ಕರ್ಟನ್ನು ಮೇಜಿನ ಮೇಲೆ ಹಾಕಿ, "ಒಂದೂವರೆ ಇಂಚು ಲೂಸ್ ಮಾಡಿ. ನಾಳೆ ಸಂಜೆಗೆ ಬೇಕು" ಎಂದರು.

"ಹೋದ ತಿಂಗಳು ಮೈ ಬಂದಿದೆ ಅಂದ್ರಿ, ಒಂದೂವರೆ ಬಿಟ್ಟೆ ಮೇಡಂ. ಮತ್ಯಾಕೆ?"

"ವಯಸ್ಸಾಯ್ತು."

"ವಯಸ್ಸು ಬರೀ ಹೊಟ್ಟೆಗೆ ಆಗುತ್ತಾ? ನಿಮ್ಮ ಅಂಗಿ ತೋಳು ನೋಡಿ, ಜೋಲಾಡ್ತಿದೆ. ಊಟ ಸೇರುತ್ತಾ?"

"ಎರಡು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತೆ. ಗ್ಯಾಸ್ ಅಷ್ಟೆ. ಅದೆಲ್ಲ ನಿಮಗ್ಯಾಕೆ?"

"ಮೊದಲು ಡಾಕ್ಟರಿಗೆ ತೋರಿಸಿ. ಆಮೇಲೆ ಮೂರು ಇಂಚು ಬೇಕಾದ್ರೂ ಬಿಡ್ತೀನಿ."

ಹೆಡ್‌ಮೇಡಂ ಮುಖ ಕೆಂಪಗಾಯಿತು. ಐವತ್ತೈದು ವರ್ಷದಲ್ಲಿ ಅವರಿಗೆ ಯಾರೂ ಹೀಗೆ ಪಾಠ ಹೇಳಿರಲಿಲ್ಲ. "ಸೂಜಿ ಹಿಡಿಯೋರು ಸೂಜಿ ಹಿಡಿದುಕೊಂಡಿದ್ರೆ ಚೆನ್ನ. ಈ ವರ್ಷ ಯೂನಿಫಾರ್ಮ್ ಎಲ್ಲಿ ಹೊಲಿಸಬೇಕು ಅಂತ ನನಗೂ ಗೊತ್ತಿದೆ" ಎಂದು ಸ್ಕರ್ಟ್ ಎಳೆದುಕೊಂಡು ಹೊರಟೇಹೋದರು.

ಗುಂಡಿ, ಕಾಜಾ ನೋಡಿಕೊಳ್ಳುವ ಕಾಜಾ ತಂಗಿ ಹಣೆ ಚಚ್ಚಿಕೊಂಡಳು. "ಅಕ್ಕಾ, ಇಡೀ ಶಾಲೆಯ ಯೂನಿಫಾರ್ಮ್ ಹೋಯ್ತಲ್ಲ! ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತ ಹಿರಿಯರು ಸುಮ್ನೆ ಹೇಳಿದ್ರಾ?"

ಇಸ್ತ್ರಿ ಮೇಜಿನ ಹಿಂದಿನಿಂದ ಇಸ್ತ್ರಿ ಅತ್ತೆ ಗದರಿದಳು. ಅಂಗಡಿಯಲ್ಲಿ ಎಲ್ಲರಿಗಿಂತ ಹಿರಿಯಳು, ಯಾರ ಸ್ವಂತ ಅತ್ತೆಯೂ ಅಲ್ಲ. "ಎರಡು ವರ್ಷದ ಹಿಂದೆ ನೀನು ಆ ಗಾದೆ ನಂಬಿದ್ದಿದ್ರೆ, ಇವಳು ಇವತ್ತು ನಿನ್ನ ಮುಂದೆ ನಿಂತಿರ್ತಿದ್ದಳೇನೇ? ಬಾಯಿ ಮುಚ್ಚಿ ಗುಂಡಿ ಹಾಕು."

ಕಾಜಾ ತಂಗಿ ಸೂಜಿಗೆ ದಾರ ಪೋಣಿಸಿದಳು. ಆ ಕಥೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಹಾಗೆ. ಊರವರ ಮೈಯಲ್ಲಿ ಕಾಲಿಂಚು ಹೆಚ್ಚುಕಡಿಮೆಯಾದರೂ ಕಣ್ಣಳತೆಯಲ್ಲೇ ಹಿಡಿಯುವ ಕತ್ತರಿ ಅಕ್ಕ, ತನ್ನ ಸೊಂಟ ಬಿಗಿಯಾದಾಗ ಏನು ಮಾಡಿದಳು ಗೊತ್ತೇ? ಅಂಗಡಿ ಬಾಗಿಲು ಹಾಕಿದ ಮೇಲೆ ತನ್ನ ಸ್ಕರ್ಟಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಳು. ಮುಂದಿನ ತಿಂಗಳು ಮತ್ತೆ. ಅದರ ಮುಂದಿನ ತಿಂಗಳು ಮತ್ತೂ. ಬೇರೆಯವರಾಗಿದ್ದರೆ ಗುಂಡಿ ಹಾಕಲಾಗದೆ ಗಾಬರಿಯಾಗುತ್ತಿದ್ದರು. ಇವಳಿಗೆ ಕೈಯಲ್ಲಿ ವಿದ್ಯೆ ಇತ್ತು, ವಿದ್ಯೆಯೇ ಕಣ್ಣಿಗೆ ಮಣ್ಣೆರಚಿತು.

ಇಸ್ತ್ರಿ ಮಾಡುವಾಗ ಅತ್ತೆ ಅದನ್ನು ಹಿಡಿದಳು. ಸ್ಕರ್ಟಿನ ಒಳಬದಿಯಲ್ಲಿ ಸೂಜಿತೂತುಗಳ ಮೂರು ಹಳೆಯ ಸಾಲು. "ಏನೇ ಇದು?" ಎಂದರೆ ಕತ್ತರಿ ಅಕ್ಕ, "ಊಟ ಜಾಸ್ತಿಯಾಯ್ತು" ಎಂದಳು. ಮಧ್ಯಾಹ್ನದ ಡಬ್ಬಿಯನ್ನು ಅರ್ಧಕ್ಕರ್ಧ ವಾಪಸ್ ಒಯ್ಯುವವಳು ಹೇಳುವ ಮಾತೇ ಅದು! ಅತ್ತೆ, ತಂಗಿ ಇಬ್ಬರೂ ಬಿಡದೆ ಕೆದಕಿದ ಮೇಲೆ ಬಾಯಿಬಿಟ್ಟಳು. ಅವಳ ಅಮ್ಮ ಹೀಗೆಯೇ ಹೊಟ್ಟೆ ಉಬ್ಬಿ ತೀರಿಕೊಂಡಿದ್ದಳು. ಈ ವಯಸ್ಸಲ್ಲಿ ಬಸುರೇ ಎಂದು ನೆರೆಯವರು ಆಡಿಕೊಂಡು ನಕ್ಕರೇ ಹೊರತು, ಏನಾಯ್ತು ತಾಯಿ ಎಂದು ಒಬ್ಬಳೂ ಕೇಳಲಿಲ್ಲ. "ಅದೇ ಇದ್ರೆ ನನಗೆ ಗೊತ್ತಾಗೋದೇ ಬೇಡ" ಎಂದಳು. ಹೆದರಿಕೆ ಎಂಥ ಗಟ್ಟಿಗಿತ್ತಿಯನ್ನೂ ದಡ್ಡಿ ಮಾಡುತ್ತದೆ ನೋಡಿ.

ಮರುದಿನ ಅತ್ತೆ ಅಂಗಡಿಗೆ ಬೀಗ ಹಾಕಿ ಕೀಲಿ ಸೆರಗಿಗೆ ಕಟ್ಟಿಕೊಂಡಳು. "ಮೂರೂ ಜನ ಹೋಗಿ ತೋರಿಸಿಕೊಳ್ಳೋಣ. ನನಗೂ ಮಂಡಿ ನೋವಿದೆ, ಈ ಕಾಜಾ ತಂಗಿಗೆ ತಲೆ ಸರಿಯಿಲ್ಲ." ಹಾಗೆ ನಗಿಸುತ್ತ ಎಳೆದುಕೊಂಡು ಹೋದರು. ಎಡ ಅಂಡಾಶಯದಲ್ಲಿ ಗಡ್ಡೆ, ಕ್ಯಾನ್ಸರು. ಅಂಡಾಶಯಗಳನ್ನೂ ಗರ್ಭಕೋಶವನ್ನೂ ತೆಗೆದರು, ಆರು ಸುತ್ತು ಕೀಮೋ ಕೊಟ್ಟರು. ಗಂಡ ಇಲ್ಲ, ಮಗಳು ದೂರ. ಆಸ್ಪತ್ರೆಯಲ್ಲಿ ಹಗಲಿಗೆ ಅತ್ತೆ, ರಾತ್ರಿಗೆ ತಂಗಿ.

ಆಸ್ಪತ್ರೆಯವರು ಕೊಟ್ಟ ಗೌನು ಹಿಂದೆಲ್ಲ ಬಾಯಿಬಿಡುತ್ತಿತ್ತು. ಇದನ್ನು ಹೊಲಿದವನ ಕೈ ಮುರಿಯಾ ಎಂದು ಬೈದ ಕಾಜಾ ತಂಗಿ ಒಂದೇ ದಿನದಲ್ಲಿ ಪಕ್ಕಕ್ಕೆ ಕಟ್ಟುವ ಹೊಸ ಗೌನು ಹೊಲಿದಳು, ಹೊಟ್ಟೆಗೆ ಹಾಕಿದ ಕೊಳವೆಯಿಂದ ನೀರಿಳಿಯುವ ಚೀಲ ಕೂರಲು ಒಳಗೊಂದು ಜೇಬು ಸಮೇತ. ಅದನ್ನು ನೋಡಿ ವಾರ್ಡಿನ ನರ್ಸ್ ಇನ್ನಿಪ್ಪತ್ತು ಕೇಳಿದರು. ಮಲಗಿದ್ದಲ್ಲಿಂದಲೇ ಕತ್ತರಿ ಅಕ್ಕ, "ಜೇಬಿನ ಅಂಚು ಸೊಟ್ಟಗಿದೆ, ಬಿಚ್ಚು" ಎಂದಳು. ಆಗಲೇ ಇಬ್ಬರಿಗೂ ಇವಳು ಬದುಕುತ್ತಾಳೆ ಎಂದು ಧೈರ್ಯ ಬಂದದ್ದು. ಎದ್ದು ಬಂದ ಮೇಲೆ ಅಂಗಡಿಗೆ ಆ ನಿಯಮ ಬಂತು, ಕಾರಣ ಕೇಳದೆ ಸೊಂಟ ಸಡಿಲಿಸುವುದಿಲ್ಲ.

ಹೀಗಿರುವಾಗ ಹೆಡ್‌ಮೇಡಂ ಸಿಟ್ಟು ಮಾಡಿಕೊಂಡರು ಅಂತ ಅವಳು ಸುಮ್ಮನಿರುತ್ತಾಳೆಯೇ? ಯೂನಿಫಾರ್ಮ್ ಹೋದರೆ ಹೋಗಲಿ. ಆ ಹೆಂಗಸು ಹೋಗಬಾರದು. ಒಂದು ವಾರ ಕಾದಳು, ಆಮೇಲೆ ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಶಾಲೆಗೆ ನಡೆದಳು.

ಹೆಡ್‌ಮೇಡಂ ಕೋಣೆಯಲ್ಲಿ ಪುಸ್ತಕ ಬಿಡಿಸಿ ಮುಂದಿಟ್ಟಳು. "ಮೇಡಂ, ಮಕ್ಕಳ ಅಂಕಪಟ್ಟಿ ನೋಡೋ ಹಾಗೆ ನೋಡಿ. ಮೂರು ತಿಂಗಳ ಅಳತೆ, ಕೊನೇದು ನನ್ನ ಕಣ್ಣಳತೆ. ಎದೆ ಮೂವತ್ತಾರು, ಮೂವತ್ತಾರು, ಮೂವತ್ತೈದು. ಸೊಂಟ ಮೂವತ್ತೊಂದು, ಮೂವತ್ತೆರಡೂವರೆ, ಮೂವತ್ನಾಲ್ಕು."

ಹೆಡ್‌ಮೇಡಂ ಕನ್ನಡಕ ಹಾಕಿ ನೋಡಿದರು. ಜೀವನವಿಡೀ ಅಂಕಿಗಳನ್ನು ನಂಬಿದವರು. ಬಾಗಿಲು ಮುಚ್ಚಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು, "ಆಸ್ಪತ್ರೇಲಿ ಹೆಂಗಸರ ವಿಭಾಗದ ಮುಂದೆ ಕೂತಿದ್ರೆ ಯಾರಾದ್ರೂ ಪೋಷಕರು ನೋಡ್ತಾರೆ. ನಾಳೆ ಊರೆಲ್ಲ ಅದೇ ಮಾತು."

"ಅಷ್ಟೇನಾ? ಸೋಮವಾರ ನನ್ನ ಚೆಕಪ್ ಇದೆ. ಹೊಲಿಗೆಯವಳ ಜೊತೆಗೆ ಬಂದಿದೀನಿ, ಪಾಪ ಒಂಟಿ ಅಂತ ಹೇಳಿ. ಪುಣ್ಯ ಬೇಕಾದ್ರೆ ನೀವೇ ಇಟ್ಕೊಳ್ಳಿ."

ಸೋಮವಾರ ಹೆಡ್‌ಮೇಡಂ ಬಂದರು. ಡಾಕ್ಟರಮ್ಮ ಮೊದಲು ಕತ್ತರಿ ಅಕ್ಕನನ್ನು ನೋಡಿ ಚೆನ್ನಾಗಿದ್ದೀರಿ ಎಂದರು, ಆಮೇಲೆ ಜೊತೆಗೆ ಬಂದವರನ್ನು ನೋಡಿದರು. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಬಲ ಅಂಡಾಶಯದಲ್ಲಿ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ, ಹೊಟ್ಟೆಯಲ್ಲಿ ನೀರು. ಎರಡು ವಾರದಲ್ಲಿ ಆಪರೇಷನ್.

ಆ ಬೆಳಿಗ್ಗೆ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಅಂಗಡಿಯ ಮೂವರೂ ಕೂತರು. ನಾಲ್ಕು ಗಂಟೆ ಹೊತ್ತು. ಕತ್ತರಿ ಅಕ್ಕ ಕೂತಲ್ಲೇ ತನ್ನ ಅಂಗಿಯ ಅಂಚಿನ ದಾರ ಕೀಳುತ್ತಿದ್ದಳು. ತಡ ಮಾಡಿಬಿಟ್ಟೆನಾ, ಆ ಒಂದು ವಾರ ಯಾಕೆ ಕಾದೆ ಎಂದು ಒಳಗೊಳಗೇ ತನ್ನನ್ನು ಬೈದುಕೊಳ್ಳುತ್ತಿದ್ದಳು. ಅತ್ತೆ ಅವಳ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡಳು.

ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ಇಳಿಸಿದರು. "ಕ್ಯಾನ್ಸರೇ. ಆದ್ರೆ ಆಚೆ ಹರಡಿಲ್ಲ, ಪೂರ್ತಿ ತೆಗೆದಿದೀವಿ. ಇನ್ನಾರು ತಿಂಗಳು ಬಿಟ್ಟಿದ್ರೆ ಈ ಮಾತು ಹೇಳೋಕಾಗ್ತಿತ್ತೋ ಇಲ್ಲವೋ. ಯಾರು ಕಳಿಸಿದ್ದು ಇವರನ್ನ?"

ಕಾಜಾ ತಂಗಿ ಅಕ್ಕನ ಕಡೆ ಬೆರಳು ತೋರಿಸಿದಳು. ಕತ್ತರಿ ಅಕ್ಕ ಆಸ್ಪತ್ರೆಯೇ ತಿರುಗಿ ನೋಡುವ ಹಾಗೆ ಗೊಳೋ ಎಂದು ಅತ್ತಳು. ಅದು ದುಃಖದ ಅಳು ಅಲ್ಲ. ಅಮ್ಮನಿಗೆ ಯಾರೂ ಕೇಳದೆ ಉಳಿದ ಪ್ರಶ್ನೆಯನ್ನು ತಾನು ಒಬ್ಬರಿಗಾದರೂ ಹೊತ್ತಿಗೆ ಸರಿಯಾಗಿ ಕೇಳಿದ್ದೆ ಎಂಬ ಗೆಲುವಿನ ಅಳು. ಇಲ್ಲಿ ಗಲಾಟೆ ಮಾಡಬಾರದು ಎಂದು ನರ್ಸ್ ಓಡಿ ಬಂದರು. "ಮಾಡ್ತಾಳೆ, ಇವತ್ತು ಮಾಡ್ತಾಳೆ!" ಎಂದಳು ಅತ್ತೆ.

ಕೀಮೋ ಮುಗಿದು ಶಾಲೆಗೆ ಮರಳಿದ ಹೆಡ್‌ಮೇಡಂ ಮಾಡಿದ ಮೊದಲ ಕೆಲಸ ತಾಯಂದಿರ ಸಭೆ. ಸಭಾಂಗಣದಲ್ಲಿ ಇನ್ನೂರು ಹೆಂಗಸರು. ಕೂದಲಿಲ್ಲದ ತಲೆಯನ್ನು ಮುಚ್ಚಿಕೊಳ್ಳದೆ ವೇದಿಕೆ ಹತ್ತಿದರು. ಕತ್ತರಿ ಅಕ್ಕ ಎಷ್ಟು ಬೇಡವೆಂದರೂ ಕೇಳದೆ ಪಕ್ಕದಲ್ಲೇ ಕೂರಿಸಿಕೊಂಡಿದ್ದರು.

"ನನಗೆ ಅಂಡಾಶಯದ ಕ್ಯಾನ್ಸರ್ ಆಗಿತ್ತು" ಎಂದು ಶುರುಮಾಡಿದರು. "ಕರಿಹಲಗೆ ನೋಡಿ. ಹೊಟ್ಟೆ ಉಬ್ಬರ. ಎರಡು ತುತ್ತಿಗೇ ಹೊಟ್ಟೆ ತುಂಬೋದು. ಕೆಳಹೊಟ್ಟೆ ನೋವು. ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ಸೋದು. ಇವು ಬಂದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ, ಹೆಚ್ಚಿನವರಿಗೆ ಬೇರೇನೋ ಇರುತ್ತೆ. ಆದ್ರೆ ಮೂರು ವಾರ ಆದ್ರೂ ಹೋಗದಿದ್ರೆ ತೋರಿಸಬೇಕು. ನಾಚಿಕೆಪಟ್ಟರೆ ಫೇಲು. ಎಲ್ಲರೂ ಗಟ್ಟಿಯಾಗಿ ಓದಿ."

ಇನ್ನೂರು ತಾಯಂದಿರು ಒಂದನೇ ತರಗತಿಯ ಮಕ್ಕಳಂತೆ ರಾಗವಾಗಿ ಓದಿದರು. ಮೊದಲ ಸಲ ಪಿಸುಗುಟ್ಟಿದವರು ಮೂರನೇ ಸಲಕ್ಕೆ ಕಿಟಕಿ ಗಾಜು ನಡುಗಿಸಿದರು.

ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸು ಕೈ ಎತ್ತಿದಳು. ಮೂವತ್ತೈದರ ಆಸುಪಾಸು, ಮಡಿಲಲ್ಲಿ ಮಗು. "ಮೇಡಂ, ನನಗೆ ಎರಡು ತಿಂಗಳಿಂದ ಹೀಗೇ ಆಗ್ತಿದೆ. ಮನೇಲಿ ಹೇಳಿಲ್ಲ." ಅವಳ ಮಾತು ಮುಗಿಯುವುದರೊಳಗೆ ನಡುಸಾಲಿನಲ್ಲಿ ಇನ್ನೊಂದು ಕೈ ಮೇಲೆದ್ದಿತು.

"ನಾಳೆ ಎಂಟು ಗಂಟೆಗೆ ಶಾಲೆ ಗೇಟಿನ ಹತ್ತಿರ ಬನ್ನಿ, ಇಬ್ಬರೂ" ಎಂದರು ಹೆಡ್‌ಮೇಡಂ. "ಜೊತೆಗೆ ನಾನು ಬರ್ತೀನಿ."

"ನಾವೂ ಬರ್ತೀವಿ" ಎಂದು ಕತ್ತರಿ ಅಕ್ಕ ಕೂತಲ್ಲಿಂದಲೇ ಕೂಗಿದಳು.